201ನೇ ಯೂನಿಟ್‌ನ ಬೆಲೆ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಸರ್ಕಾರಿ ಕಚೇರಿಗಳೂ ಬಿಸಿಲಿಗೆ ಹೆದರುತ್ತವೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಆ ಎರಡು ತಿಂಗಳು ನಮ್ಮ ಓಣಿಯ ಜನ ಕ್ಯಾಲೆಂಡರ್‌ಗಿಂತ ಜಾಸ್ತಿ ನೋಡುವುದು ಕರೆಂಟ್ ಮೀಟರನ್ನು. ಬಿಲ್ ಕೊಡುವವನು ಬರಲು ಇನ್ನೂ ನಾಲ್ಕು ದಿನ ಇದೆ, ಹಳೇ ರೀಡಿಂಗ್ ಕಳೆದರೆ 186 ಆಗಿದೆ ಅಂದರೆ ಅವತ್ತಿಂದ ಎಸಿ ಬಂದ್. 192 ದಾಟಿತೆಂದರೆ ಅಜ್ಜಿಯಿಂದ ಮೊಮ್ಮಗನವರೆಗೆ ಇಡೀ ಮನೆ ಒಂದೇ ಕೂಲರ್ ಮುಂದೆ ಮಲಗುತ್ತದೆ. ಮೈಕ್ ಹಿಡಿದು "ವಿದ್ಯುತ್ ಉಳಿಸಿ" ಎಂದು ಎಷ್ಟು ವರ್ಷ ಕೂಗಿದರೂ ಆಗದ ಕೆಲಸವನ್ನು 200 ಅನ್ನೋ ಒಂದು ಸಂಖ್ಯೆ ಮಾಡಿಸಿದೆ.

ಈ ಸಂಖ್ಯೆ ಹುಟ್ಟಿದ್ದೂ ನಮ್ಮೂರಲ್ಲೇ ಅನ್ನಬಹುದು. ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಗೆ ಅಧಿಕೃತವಾಗಿ ಚಾಲನೆ ಕೊಟ್ಟಿದ್ದು 2023ರ ಆಗಸ್ಟ್ 5ರಂದು, ಇದೇ ಕಲಬುರಗಿಯಲ್ಲಿ. ನಿಯಮ ಎಲ್ಲರಿಗೂ ಗೊತ್ತಿರುವುದೇ. 2022-23ರಲ್ಲಿ ನಿಮ್ಮ ಮನೆಯಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಉರಿದಿತ್ತೋ ಅದಕ್ಕೆ ಶೇ 10 ಸೇರಿಸಿ, ಅಷ್ಟು ಉಚಿತ. ಅದಕ್ಕಿಂತ ಮೇಲೆ ಹೋಗಿ 200ರ ಒಳಗಿದ್ದರೆ, ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಮಾತ್ರ ಪೂರ್ತಿ ಬಿಲ್ ನಿಮ್ಮದೇ.

ಈಗ ಲೆಕ್ಕ ಹಾಕಿ. ಲೆಕ್ಕ ಬರೆಯುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ನನಗೆ ಈ ಚಟ. 2025-26ರಲ್ಲಿ ಮನೆಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. 201 ಯೂನಿಟ್ ಆದರೆ ಅದೊಂದೇ 1,166 ರೂಪಾಯಿ. ಮೇಲೆ ನಿಗದಿತ ಶುಲ್ಕ, ತೆರಿಗೆ ಬೇರೆ. ಅಂದರೆ ಸರಾಸರಿ ಜಾಸ್ತಿ ಇರುವ ಮನೆಗೆ 198ನೇ ಯೂನಿಟ್ ಪುಕ್ಕಟೆ, 201ನೇ ಯೂನಿಟ್‌ಗೆ ಸಾವಿರದ ಮೇಲೆ! ಇಂಥ ಗೆರೆ ಎಳೆದರೆ ಜನ ಗೆರೆಯ ಈಚೆ ನಿಲ್ಲಲು ಏನು ಬೇಕಾದರೂ ಮಾಡುತ್ತಾರೆ. ಮಾಡಿದ್ದಾರೆ ಕೂಡ. ಒಂದೇ ಅಡುಗೆಮನೆಯ ಕುಟುಂಬಕ್ಕೆ ಮೇಲೊಂದು ಕೆಳಗೊಂದು ಮೀಟರ್ ಬಂದಿದೆ. ಒಂದು ಅಪ್ಪನ ಹೆಸರಲ್ಲಿ, ಇನ್ನೊಂದು ಸೊಸೆಯ ಹೆಸರಲ್ಲಿ. ಇನ್ನು 25ನೇ ತಾರೀಖಿಗೇ 200 ದಾಟಿದ ಮನೆಯವರು "ಹೆಂಗೂ ಬಿಲ್ ಬಂತಲ್ಲ, ಹಾಕಿಬಿಡು ಎಸಿ" ಅನ್ನುತ್ತಾರೆ.

ನಮ್ಮ ಓಣಿಯ ತುದಿಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಒಬ್ಬ ಅಕ್ಕ ಇದ್ದಾರೆ. ಎರಡು ಬಲ್ಬು, ಒಂದು ಫ್ಯಾನು, ಒಂದು ಟಿವಿ. ಅವರ ಹಳೇ ಸರಾಸರಿ 38 ಯೂನಿಟ್. ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ 2024ರಲ್ಲಿ ಶೇ 10ರ ಬದಲು 10 ಯೂನಿಟ್ ಹೆಚ್ಚು ಕೊಟ್ಟರು, ಹಾಗಾಗಿ ಅವರಿಗೆ 48 ಸಿಗುತ್ತದೆ. ಎದುರಿನ ಎರಡಂತಸ್ತಿನ ಮನೆಯ ಸರಾಸರಿ 180 ಇತ್ತು ಅಂದುಕೊಳ್ಳಿ, ಅವರಿಗೆ 198. ಉಳಿಸಿದವರಿಗೆ ಕಮ್ಮಿ, ಉರಿಸಿದವರಿಗೆ ಜಾಸ್ತಿ. ಯೋಜನೆ ಬೇಡ ಅಂತ ನಾನು ಹೇಳುತ್ತಿಲ್ಲ. ಆ ಅಕ್ಕನಿಗೆ ಬಿಲ್ ಕಟ್ಟುವ ಸಾಲು ತಪ್ಪಿದ್ದು ದೊಡ್ಡ ಮಾತು. ಆದರೆ ಟೀಕೆ ಮಾಡುವವರು "ಪುಕ್ಸಟ್ಟೆ ತಿಂದು ಜನ ಕೆಟ್ಟರು" ಅನ್ನುವಾಗ ಬೆರಳು ಮಾಡುವುದು ಯಾವಾಗಲೂ ರೊಟ್ಟಿ ಅಕ್ಕನ ಕಡೆಗೆ. ಎದುರು ಮನೆಯ 198ರ ಮಾತು ಯಾರೂ ಎತ್ತುವುದಿಲ್ಲ, ಅಲ್ವಾ?

ಇದರ ಇನ್ನೊಂದು ತಮಾಷೆ ಚಾವಣಿ ಮೇಲಿದೆ. ಬಿಸಿಲಿಗೆ ನಮ್ಮಲ್ಲಿ ಏನು ಬರವೇ? ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯಘರ್ ತಂದಿತು. ಮೂರು ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ. ಒಳ್ಳೆಯದೇ. ಆದರೆ ಉಳಿದ ಒಂದು ಲಕ್ಷ ಚಿಲ್ಲರೆಯನ್ನು ಕೈಯಿಂದ ಹಾಕಬೇಕು. ತಿಂಗಳ ಬಿಲ್ ಸೊನ್ನೆ ಬರುವ ಮನೆಯವನು ಯಾಕೆ ಹಾಕುತ್ತಾನೆ? ಒಂದು ಸರ್ಕಾರ ಸೋಲಾರ್ ಹಾಕಿಸು ಅಂತ ದುಡ್ಡು ಕೊಡುತ್ತದೆ, ಇನ್ನೊಂದು ಸರ್ಕಾರ ಹಾಕಿಸದೇ ಇರಲಿಕ್ಕೆ ಕರೆಂಟೇ ಕೊಡುತ್ತದೆ. ಇಬ್ಬರದೂ ಪೋಸ್ಟರ್ ಒಂದೇ ಕಂಬದ ಮೇಲಿದೆ. 45 ಡಿಗ್ರಿ ಬಿಸಿಲು ಮಾತ್ರ ಚಾವಣಿ ಕಾಯಿಸಿಕೊಂಡು ಸುಮ್ನೆ ಹೋಗುತ್ತದೆ.

ಮನೆ ಕರೆಂಟಿಗೆ ಮೀಟರ್ ಆದರೂ ಇದೆ. ಹೊಲದ ಕಥೆ ಬೇರೆ.

10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ರಾಜ್ಯದಲ್ಲಿ 2008ರಿಂದ ಕರೆಂಟ್ ಉಚಿತ. ಬಹುತೇಕ ಪಂಪ್‌ಗಳಿಗೆ ಮೀಟರೇ ಇಲ್ಲ. ಎಷ್ಟು ಉರಿಯಿತು ಅನ್ನುವುದು ಅಂದಾಜು. ಆ ಅಂದಾಜಿನ ಮೇಲೆ ಸರ್ಕಾರ ಕರೆಂಟ್ ಹಂಚುವ ಜೆಸ್ಕಾಂನಂಥ ಕಂಪನಿಗಳಿಗೆ ಸಬ್ಸಿಡಿ ಕಟ್ಟಿಕೊಡುತ್ತದೆ. ಆಳಂದ ತಾಲ್ಲೂಕಿನಲ್ಲಿರುವ ನಮ್ಮ ಮಾವನ ಹೊಲದಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಪಕ್ಕ ಇನ್ನೊಂದು ಚಿಕ್ಕ ಡಬ್ಬಿ ಇದೆ. ಆಟೋ ಸ್ಟಾರ್ಟರ್. ಕರೆಂಟ್ ಬಂದ ಕ್ಷಣ ಮೋಟರ್ ತಾನೇ ಶುರುವಾಗುತ್ತದೆ, ಮನುಷ್ಯ ಬೇಕಿಲ್ಲ. ಒಂದು ಬೆಳಿಗ್ಗೆ ಹೋದಾಗ ಬದುವಿನ ಆಚೆ ಗಾಡಿದಾರಿವರೆಗೂ ನೀರು ನಿಂತಿತ್ತು. "ಮಾವಾ, ಇಷ್ಟು ನೀರು ಹಾಳಾಗ್ತದಲ್ಲ" ಅಂದೆ. ಅವರಿಗೆ ಸಿಟ್ಟು ಬಂತು.

"ಕರೆಂಟ್ ರಾತ್ರಿ ಎರಡಕ್ಕ ಕೊಡ್ತಾರ. ಹುಳ ಹುಪ್ಪಟೆ ಇರ್ತಾವ, ಅರವತ್ತು ದಾಟಿದಾಂವ ನಾ ಎದ್ದು ಹೋಗ್ಲೇನು? ನೀ ಬರ್ತೀ ಏನ್ ಬ್ಯಾಟ್ರಿ ಹಿಡ್ಕೊಂಡು?"

ನನ್ನ ಬಾಯಿ ಬಂದ್. ಮೂರು ಫೇಸ್ ಕರೆಂಟ್ ದಿನಕ್ಕೆ ಏಳು ಗಂಟೆ ಅನ್ನುತ್ತಾರೆ, ಯಾವ ಏಳು ಗಂಟೆ ಅನ್ನುವುದು ಪಾಳಿ ಮೇಲೆ. ನಾಳೆ ಬರುತ್ತದೋ ಇಲ್ಲವೋ ಅನ್ನುವ ನೀರನ್ನು ಇವತ್ತೇ ಎತ್ತಿಡುವುದು ಮಾವನ ಪಾಲಿಗೆ ಬುದ್ಧಿವಂತಿಕೆ. ಊರಿನ ಎಲ್ಲ ಆಟೋ ಸ್ಟಾರ್ಟರ್‌ಗಳು ಒಂದೇ ಸೆಕೆಂಡಿಗೆ ಮೋಟರ್ ಎಬ್ಬಿಸುತ್ತವೆ, ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಡುತ್ತದೆ, ಆಮೇಲೆ ಎಲ್ಲರೂ ಸೇರಿ ಚಂದಾ ಎತ್ತಿ ಟ್ರ್ಯಾಕ್ಟರ್‌ನಲ್ಲಿ ಟಿಸಿ ಹೇರಿಕೊಂಡು ರಿಪೇರಿಗೆ ಹೋಗುತ್ತಾರೆ. ಪುಕ್ಕಟೆ ಕರೆಂಟಿಗೆ ರೈತ ಕಟ್ಟುವ ಬಿಲ್ಲು ಇದು. ರಸೀದಿ ಇರುವುದಿಲ್ಲ ಅಷ್ಟೇ.

ಮೀಟರ್ ಹಾಕಿದರೆ ಸರಿಹೋಗುತ್ತದಲ್ಲ ಅಂತ ಪೇಟೆಯವರು ಕೇಳುತ್ತಾರೆ. ಮೀಟರ್ ಯಾರಿಗೆ ಬೇಕು? ಇವತ್ತು ಮೀಟರ್ ಹಾಕಿದವರು ನಾಳೆ ಬಿಲ್ ಹಾಕುತ್ತಾರೆ ಅಂತ ರೈತನಿಗೆ ಭಯ. ಆ ಭಯ ಸುಳ್ಳಲ್ಲ. ಕಂಪನಿಗೆ ಅಂದಾಜೇ ಅನುಕೂಲ. ದಾರಿಯಲ್ಲಿ ಸೋರಿದ್ದು, ಕೊಕ್ಕೆ ಹಾಕಿ ಎಳೆದದ್ದು ಎಲ್ಲವನ್ನೂ "ಪಂಪ್‌ಸೆಟ್" ಅನ್ನುವ ಖಾನೆಯಲ್ಲಿ ಬರೆಯಲು ಜಾಗ ಸಿಗುತ್ತದೆ. ಇನ್ನು ಸರ್ಕಾರ ಯಾವ ಪಕ್ಷದ್ದೇ ಇರಲಿ, ರೈತನ ಹೊಲದಲ್ಲಿ ಮೀಟರ್ ನೆಟ್ಟು ಚುನಾವಣೆಗೆ ಹೋಗುವ ಧೈರ್ಯ ಯಾರಿಗಿದೆ? ಮೂವರಿಗೂ ಎಣಿಸದೇ ಇರುವುದೇ ಲಾಭ. ಲೆಕ್ಕದವನಾಗಿ ಹೇಳ್ತೀನಿ, ಯಾವ ಖಾತೆಯ ಲೆಕ್ಕ ಯಾರಿಗೂ ಬೇಡವೋ ಆ ಖಾತೆ ವರ್ಷ ವರ್ಷ ದೊಡ್ಡದಾಗುತ್ತಲೇ ಹೋಗುತ್ತದೆ.

ಬೀದರ್ ಕಡೆ ಹೋದರೆ ಇದೇ ಸರಪಳಿಯ ಮುಂದಿನ ಕೊಂಡಿ ಸಿಗುತ್ತದೆ. ಕಬ್ಬಿಗೆ ಎಫ್‌ಆರ್‌ಪಿ ಅಂತ ಕಾನೂನಿನ ಬೆಲೆ ಇದೆ, 2025-26ಕ್ಕೆ ಕ್ವಿಂಟಲ್‌ಗೆ 355 ರೂಪಾಯಿ. ಬಾಕಿ ಉಳಿಸಿಕೊಂಡರೂ ಕಾರ್ಖಾನೆ ಕೊಡಲೇಬೇಕಾದ ಬೆಲೆ ಅದು. ತೊಗರಿಗೂ ಬೆಂಬಲ ಬೆಲೆ ಇದೆ, ಅದೇ ವರ್ಷಕ್ಕೆ 8,000 ರೂಪಾಯಿ. ಆದರೆ ಖರೀದಿ ಕೇಂದ್ರ ಯಾವಾಗ ತೆರೆಯುತ್ತದೆ, ಒಬ್ಬರಿಂದ ಎಷ್ಟು ತಗೊಳ್ಳುತ್ತಾರೆ ಅನ್ನುವುದು ಪ್ರತಿ ವರ್ಷದ ಗೋಳು. ಹಾಗಾಗಿ ನೀರು ಸಿಕ್ಕವನು ಕಬ್ಬು ಹಾಕುತ್ತಾನೆ. ಬೋರ್‌ವೆಲ್ ನೀರು ಎತ್ತುವುದು ಪುಕ್ಕಟೆ ಕರೆಂಟಿನಿಂದ. ಆ ಕರೆಂಟಿನಲ್ಲಿ ಒಂದು ಪಾಲು ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಬಂದದ್ದು. ಕಬ್ಬಿನ ರಸದಿಂದ, ಕಾಕಂಬಿಯಿಂದ ಎಥೆನಾಲ್ ಆಗುತ್ತದೆ. ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2030ರ ಬದಲು 2025ರಲ್ಲೇ ಮುಟ್ಟಿತು. ಪಂಪ್ ಮುಂದೆ ನಿಂತು ಹಸಿರು ಇಂಧನ ಅಂತ ತುಂಬಿಸಿಕೊಳ್ಳುವಾಗ ಅದರಲ್ಲಿ ಕಲ್ಲಿದ್ದಲೂ ಇದೆ, ಬೀದರಿನ ಅಂತರ್ಜಲವೂ ಇದೆ. ಇದೇ ಬೀದರಿನ ನೌಬಾದ್‌ನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ. ಒಂದು ಯೂನಿಟ್ ಕರೆಂಟ್ ಇಲ್ಲದೆ, ಬರೀ ಇಳಿಜಾರಿನಿಂದ ನೆಲದೊಳಗಿನ ನೀರನ್ನು ಊರಿಗೆ ತರುತ್ತಿದ್ದ ವ್ಯವಸ್ಥೆ. ಅದನ್ನು ನಾವು ಈಗ ಟಿಕೆಟ್ ಇಲ್ಲದ ಪ್ರವಾಸಿ ತಾಣ ಅಂತ ನೋಡಲು ಹೋಗುತ್ತೇವೆ.

ಒಲೆಯ ಮಾತು ಬಿಟ್ಟರೆ ನಮ್ಮ ಹೆಣ್ಮಕ್ಕಳು ಸುಮ್ಮನಿರಲ್ಲ. ಬಡವರ ಮನೆಗೆ ಗ್ಯಾಸ್ ಕನೆಕ್ಷನ್ ಕೊಡುವ ಉಜ್ವಲಾ ಬಂದಿದ್ದು 2016ರಲ್ಲಿ. ಕನೆಕ್ಷನ್ ಎಷ್ಟು ಕೊಟ್ಟೆವು ಅನ್ನುವ ಲೆಕ್ಕ ದೊಡ್ಡ ದೊಡ್ಡ ಬೋರ್ಡ್‌ಗಳ ಮೇಲೆ ಬಂತು. ಎರಡನೇ ಸಿಲಿಂಡರ್ ಯಾರು ತಂದರು, ನಾಲ್ಕನೆಯದು ಯಾರು ತಂದರು ಅನ್ನುವುದು ಯಾವ ಬೋರ್ಡ್ ಮೇಲೂ ಬರಲಿಲ್ಲ. ಈಗ 300 ರೂಪಾಯಿ ಸಬ್ಸಿಡಿ ಇದೆ, ನಿಜ. ಆದರೆ ಮೊದಲು ಪೂರ್ತಿ ದುಡ್ಡು ಕೊಟ್ಟು ಸಿಲಿಂಡರ್ ಇಳಿಸಿಕೊಳ್ಳಬೇಕು, 300 ಆಮೇಲೆ ಖಾತೆಗೆ. ಕೂಲಿ ಮಾಡುವ ಹೆಂಗಸಿಗೆ ಒಂದೇ ದಿನ ಅಷ್ಟು ರೊಕ್ಕ ಎಲ್ಲಿಂದ ಬರಬೇಕು? ಇತ್ತ ಕಲಬುರಗಿ ಅಂದರೆ ತೊಗರಿ ಕಣಜ. ಜನವರಿ ಹೊತ್ತಿಗೆ ರಾಶಿ ಆದ ಮೇಲೆ ಒಣಗಿದ ತೊಗರಿ ಕಟಗಿ ಮನೆ ಹಿಂದೆ ಆಳೆತ್ತರ ಒಟ್ಟಿರುತ್ತದೆ. ಅದಕ್ಕೆ ಬೆಲೆ ಇಲ್ಲ. ಚೆನ್ನಾಗಿ ಉರಿಯುತ್ತದೆ. ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬಬೇಕಾದರೆ ಅದೇ ಬೆಂಕಿ ಬೇಕು ಅನ್ನುವವರೂ ಇದ್ದಾರೆ. ನಮ್ಮ ಅತ್ತೆಯ ಮನೆಯ ಸಿಲಿಂಡರ್ ಮೇಲೆ ಕುಸುರಿ ಹಾಕಿದ ಬಟ್ಟೆ ಹೊದಿಸಿಟ್ಟಿದ್ದಾರೆ. "ಬೀಗರು ಬಂದ್ರ ಚಾ ಮಾಡ್ಲಿಕ್ಕ ಬೇಕಲ್ಲಪ್ಪ" ಅನ್ನುತ್ತಾರೆ, ಕೆಮ್ಮುತ್ತಾ. ಮನೆಯ ಖರ್ಚಿನಲ್ಲಿ ಸಿಲಿಂಡರಿಗೆ ಒಂದು ಸಾಲು ಇದೆ. ಕೆಮ್ಮಿಗೆ ಇಲ್ಲ.

ಆಸ್ಪತ್ರೆಗೆ ಬರೋಣ. ಹಳ್ಳಿಯಲ್ಲಿ ಜ್ವರ ಅಂತ ಹೋದರೆ ಮಾತ್ರೆ ಬರೆದು ಕೊಡುವ ಡಾಕ್ಟರ್ "ಕೈಗುಣ ಇಲ್ಲದವನು". ಸಲೈನ್ ಹಚ್ಚುವವನೇ ಡಾಕ್ಟರ್. ಮಾತ್ರೆಯಲ್ಲಿ ಅವನಿಗೆ ಸಿಗುವುದು ಏನೂ ಇಲ್ಲ, ಬಾಟಲಿಯಲ್ಲಿ ಮುನ್ನೂರು ನಾಲ್ಕುನೂರು. ರೋಗಿಗೂ ದುಡ್ಡು ಕೊಟ್ಟಿದ್ದಕ್ಕೆ ಏನೋ ಒಳಗೆ ಹೋಗಿದ್ದು ಕಾಣಬೇಕು. ಇಬ್ಬರೂ ಖುಷಿ. ಹೀಗಾಗಿ ಬರೀ ನೀರು ಕುಡಿದು ಎರಡು ದಿನ ಮಲಗಿದರೆ ಹೋಗುವ ಜ್ವರಕ್ಕೂ ಹಳ್ಳಿಯ ಕಟ್ಟೆ ಮೇಲೆ, ಮರದ ಟೊಂಗೆಗೆ ಬಾಟಲಿ ತೂಗುಬೀಳುತ್ತದೆ.

ಪೇಟೆಗೆ ಬಂದರೆ ರೊಕ್ಕ ಜಾಸ್ತಿ, ಗಾಯವೂ ಜಾಸ್ತಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019-21ರಲ್ಲಿ ನಡೆಯಿತು. ದೇಶದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಸಿಸೇರಿಯನ್ ಶೇ 14.3. ಖಾಸಗಿಯಲ್ಲಿ ಶೇ 47.4. ಹೆಂಗಸರ ಮೈ ಸರ್ಕಾರಿ ಗೇಟಿಗೂ ಖಾಸಗಿ ಗೇಟಿಗೂ ಬೇರೆ ಬೇರೆ ಇರುತ್ತದೆಯೇ? ಕಷ್ಟದ ಕೇಸುಗಳು ಸರ್ಕಾರಿ ದೊಡ್ಡಾಸ್ಪತ್ರೆಗೇ ಜಾಸ್ತಿ ಬರುತ್ತವೆ ಅನ್ನುವುದನ್ನೂ ನೆನಪಿಡಿ. ಸಹಜ ಹೆರಿಗೆಗೆ ಹತ್ತು ಹನ್ನೆರಡು ಗಂಟೆ ಕಾಯಬೇಕು, ಆಪರೇಷನ್ ಒಂದು ಗಂಟೆಯ ಕೆಲಸ, ಬಿಲ್ ಎರಡು ಮೂರು ಪಟ್ಟು. ಮುಹೂರ್ತ ನೋಡಿ ಕೊಯ್ಸಿ ಅನ್ನುವ ಮನೆಯವರು ಬೇರೆ. ಡಾಕ್ಟರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಕಾಯುವ ಡಾಕ್ಟರಿಗೆ ನಾವು ಏನು ಕೊಡುತ್ತೇವೆ ಅಂತ ಮಾತ್ರ ಕೇಳುತ್ತಿದ್ದೇನೆ.

ಆದರೆ ಒಂದು ವಿಷಯದಲ್ಲಿ ನನಗೆ ಹೀಗೆ ಮೆತ್ತಗೆ ಮಾತಾಡಲು ಆಗುವುದಿಲ್ಲ. 2015ರ ಹೊತ್ತಿಗೆ ನಮ್ಮ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಮಕ್ಕಳು ಬೀದಿಗೆ ಬಂದರು. ಹೊಟ್ಟೆನೋವು, ಬಿಳಿಸೆರಗು ಅಂತ ಹೋದವರಿಗೆ "ಗರ್ಭಚೀಲ ತೆಗೆಸದಿದ್ದರೆ ಕ್ಯಾನ್ಸರ್ ಆಗ್ತದೆ" ಅಂತ ಹೆದರಿಸಿ ಆಪರೇಷನ್ ಮಾಡಿದ್ದರು. ಇಪ್ಪತ್ತು, ಮೂವತ್ತರ ವಯಸ್ಸಿನವರು. ಆಡು ಮಾರಿ, ಸಾಲ ಮಾಡಿ ದುಡ್ಡು ಕಟ್ಟಿದವರು. ಆಮೇಲೆ ಸೊಂಟ ಹಿಡಿದು, ಮುಂಬೈಗೋ ಹೈದರಾಬಾದಿಗೋ ಕಟ್ಟಡ ಕೆಲಸಕ್ಕೆ ಹೋಗುವ ತ್ರಾಣವೂ ಹೋಯಿತು. ತನಿಖೆಗಳಾದವು, ವರದಿಗಳು ಬಂದವು. ಮಾತ್ರೆಗೆ ವಾಸಿಯಾಗುವ ಸೋಂಕಿನಲ್ಲಿ ಲಾಭ ಇಲ್ಲ, ಗರ್ಭಚೀಲದಲ್ಲಿದೆ ಅನ್ನುವ ಲೆಕ್ಕ ಒಮ್ಮೆ ಕುದುರಿತೆಂದರೆ, ಹೇಳುವವರು ಕೇಳುವವರು ಇಲ್ಲದ ತಾಂಡಾ ಅದಕ್ಕೆ ಸಿಕ್ಕಿಬೀಳುತ್ತದೆ. ಲಾಭದ ಲೆಕ್ಕವೇ ಎಲ್ಲವನ್ನೂ ಮಾಡಿಸುತ್ತದೆ ಅಂದರೆ ಮನುಷ್ಯನಿಗೆ ನಾಚಿಕೆ ಅನ್ನುವುದು ಯಾಕಿದೆ? ಇದನ್ನು ಅಪರಾಧ ಅಂತಲೇ ಕರೆಯಬೇಕು.

ಅದೇ ತಾಂಡಾಕ್ಕೆ ಬಿಸಿಲಲ್ಲಿ ನಡೆದು ಹೋಗುವ ಆಶಾ ಕಾರ್ಯಕರ್ತೆಗೆ ಹಲವು ಕೆಲಸಗಳ ದುಡ್ಡು ತಲೆ ಎಣಿಸಿಯೇ. ಆಸ್ಪತ್ರೆ ಹೆರಿಗೆಗೆ ಇಷ್ಟು, ಮಗುವಿನ ಚುಚ್ಚುಮದ್ದು ಪೂರ್ತಿ ಮಾಡಿಸಿದ್ದಕ್ಕೆ ಇಷ್ಟು. "ಆಪರೇಷನ್ ಅವಸರ ಮಾಡಬ್ಯಾಡ ಯಕ್ಕಾ, ಇನ್ನೊಬ್ಬ ಡಾಕ್ಟರಿಗೆ ತೋರ್ಸು" ಅಂತ ಹೇಳಿ ಒಬ್ಬಳನ್ನು ಉಳಿಸಿದರೆ ಅದಕ್ಕೆ ಯಾವ ಫಾರ್ಮಿನಲ್ಲೂ ಖಾನೆ ಇಲ್ಲ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕ ಮೇಲೆ ಎದ್ದರು. ನಿಗದಿತ ದುಡ್ಡು ಕೊಟ್ಟರೆ ಕೆಲಸ ಮಾಡಲ್ಲ ಅನ್ನುವ ಮಾತು ಸರ್ಕಾರಕ್ಕೆ ಆಶಾಗಳ ವಿಷಯದಲ್ಲಿ ಮಾತ್ರ ನೆನಪಾಗುವುದು ಯಾಕೋ.

ರಾಜಕೀಯದ ಮಾತಿಗೆ ಯಾದಗಿರಿ ಕಡೆಯ ಯಾವುದಾದರೂ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಹೋಗಿ ನಿಲ್ಲಿ. ಫ್ಲೋರೈಡ್ ನೀರಿನ ಸೀಮೆ ಅದು, ಘಟಕದ ಅಗತ್ಯ ನಿಜವಾಗಿ ಇದೆ. ಗೋಡೆ ಮೇಲೆ ಗ್ರಾನೈಟ್ ಫಲಕ, ಶಾಸಕರಿಂದ ಹಿಡಿದು ಗುತ್ತಿಗೆದಾರರವರೆಗೆ ಹೆಸರು. ನಾಣ್ಯ ಹಾಕುವ ತೂತಿಗೆ ಜೇಡ ಬಲೆ ಕಟ್ಟಿದೆ. ಒಳಗಿನ ಫಿಲ್ಟರ್ ಬದಲಿಸಿದವನ ಹೆಸರಿನ ಫಲಕ ಎಲ್ಲಾದರೂ ನೋಡಿದ್ದೀರಾ? ಕಟ್ಟುವುದಕ್ಕೆ ಟೆಂಡರ್ ಇದೆ, ಪೂಜೆ ಇದೆ, ಫೋಟೋ ಇದೆ. ನಡೆಸುವುದಕ್ಕೆ ಬೈಗುಳ ಮಾತ್ರ. ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿಗೆ ಈಗ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತದೆ. ಪ್ರಗತಿ ಪರಿಶೀಲನೆ ಸಭೆಯಲ್ಲಿ ಕೇಳುವ ಮೊದಲ ಪ್ರಶ್ನೆ "ಎಷ್ಟು ಖರ್ಚಾಯ್ತು?" ಅನ್ನುವುದೇ. ಹಾಗಾಗಿ ಮಾರ್ಚ್ ಬಂದರೆ ನಮ್ಮ ಕಡೆ ರಸ್ತೆಗಳಿಗೆ ಎಲ್ಲಿಲ್ಲದ ಸಡಗರ.

ಬಸ್ಸಿನಲ್ಲಿ ಮಾತ್ರ ಒಂದು ಒಳ್ಳೆಯ ಬದಲಾವಣೆ ಕಂಡೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಅದಕ್ಕೂ ಮೊದಲು ಹಳ್ಳಿ ಬಸ್ಸಿನಲ್ಲಿ ಒಂದು ಹಳೇ ಒಪ್ಪಂದ ಇತ್ತು. ಟಿಕೆಟ್ ಬೇಡ ಅಂದರೆ ಹತ್ತು ರೂಪಾಯಿ ಕಮ್ಮಿ, ಉಳಿದದ್ದು ಕಂಡಕ್ಟರ್ ಜೇಬಿಗೆ. ಈಗ ಹೆಂಗಸರಿಗೆ ಜೀರೋ ಟಿಕೆಟ್, ಆ ಟಿಕೆಟ್ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ದುಡ್ಡು ಕೊಡಬೇಕು. ಕಂಡಕ್ಟರೇ ಬೆನ್ನು ಹತ್ತಿ "ಯವ್ವಾ, ಫ್ರೀ ಇದ್ರೂ ಟಿಕೆಟ್ ತಗೋಬೇಕ್ರಿ" ಅಂತ ಕೊಡುತ್ತಾರೆ. ಒಂದು ಭಾಷಣ ಇಲ್ಲದೆ ಒಂದು ಸಣ್ಣ ಲಂಚ ನಿಂತುಹೋಯಿತು. ಅದರ ಬದಲು ಇಲ್ಲದ ಪ್ರಯಾಣಿಕರಿಗೂ ಟಿಕೆಟ್ ಹರಿದರು ಅನ್ನುವ ದೂರುಗಳು ಪತ್ರಿಕೆಯಲ್ಲಿ ಬಂದವು ಅನ್ನಿ.

ಈ ಎಲ್ಲದರಲ್ಲಿ ನನಗೆ ಸೇರಿದ್ದು ಮೊಟ್ಟೆ. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ ಸೇರಿ ಈ ಭಾಗದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದಾಗ ಎಷ್ಟು ಗದ್ದಲ! ಈಗ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ವಾರಕ್ಕೆ ಆರು ದಿನ ಆಗಿದೆ. ತಿನ್ನದವರಿಗೆ ಬಾಳೆಹಣ್ಣು. ಇಲ್ಲಿ ಶಾಲೆಗೆ ಬಂದ ಮಗುವಿನ ಹೊಟ್ಟೆಗೇ ಲಾಭ ಹೋಗುತ್ತದೆ, ನಡುವೆ ಯಾರಿಗೂ ಜಾಸ್ತಿ ಜಾಗ ಇಲ್ಲ. ಆದರೂ ಒಬ್ಬರು ಸಿಕ್ಕಿಕೊಂಡಿದ್ದಾರೆ. ಮೊಟ್ಟೆಗೆ ಕೊಡುವುದು 6 ರೂಪಾಯಿ. ಅದರಲ್ಲೇ ಮೊಟ್ಟೆ, ಸಾಗಾಟ, ಗ್ಯಾಸು, ಸಿಪ್ಪೆ ಸುಲಿಯುವ ಕೂಲಿ. ಚಳಿಗಾಲದಲ್ಲಿ ಅಂಗಡಿಯಲ್ಲೇ ಆರೂವರೆ, ಏಳು ಆಗುತ್ತದೆ. ಮೇಲಿನ ದುಡ್ಡು ಹೆಡ್‌ಮಾಸ್ಟರ್ ಜೇಬಿಂದ. ಬಾಳೆಹಣ್ಣು ಅಗ್ಗ. "ಇವತ್ತು ಎಲ್ಲರೂ ಬಾಳೆಹಣ್ಣು ತಗೋರಿ" ಅಂತ ಹೇಳುವುದು ಎಷ್ಟು ಸುಲಭ ನೋಡಿ.

ನನಗೆ ಗೊತ್ತಿರುವ ಒಬ್ಬ ಹೆಡ್‌ಮಾಸ್ಟರ್ ಹಾಗೆ ಹೇಳುವುದಿಲ್ಲ. ರೇಟು ಇಳಿದಾಗ ಉಳಿದದ್ದನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟು, ರೇಟು ಏರಿದಾಗ ಅದರಿಂದ ತೂಗಿಸುತ್ತಾರೆ. ಹಾಗೆ ಮಾಡಲು ನಿಯಮದಲ್ಲಿ ಜಾಗ ಇಲ್ಲ, ಅದಕ್ಕೇ ಅವರ ಪುಸ್ತಕದಲ್ಲಿ ವರ್ಷವಿಡೀ ಮೊಟ್ಟೆಗೆ ಆರೇ ರೂಪಾಯಿ. ನಾನು ಪುಟ ತಿರುಗಿಸಿ ನಕ್ಕೆ.

"ಸರ್, ಆಡಿಟ್‌ನವರು ಕೇಳಿದರೆ?"

"ಅವರ ಮನ್ಯಾಗೂ ತತ್ತಿ ತಿಂತಾರಲ್ರಿ. ರೇಟು ಗೊತ್ತಿರ್ತದ" ಅಂದು, ಪುಸ್ತಕ ಇಸಿದುಕೊಂಡು ಟ್ರೇ ಎಣಿಸಲು ಹೋದರು.